ಒರೆಸುವ ಮೊದಲು ಒಮ್ಮೆ ನೋಡಿ

ವಯಸ್ಸಾದ ನಾಯಿ ಬೆಳಗಿನ ಜಾವ ಹಳದಿ ನೊರೆ ಕಕ್ಕಿತು ಅಂತ ಯಾರಿಗಾದರೂ ಹೇಳಿ ನೋಡಿ. ಎರಡರಲ್ಲಿ ಒಂದು ಉತ್ತರ ಬರುತ್ತದೆ. "ಹೊಟ್ಟೆ ಖಾಲಿ ಇತ್ತು, ಪಿತ್ತ ಬಂದಿದೆ ಅಷ್ಟೇ, ರಾತ್ರಿ ಏನಾದ್ರೂ ತಿನ್ನೋಕೆ ಕೊಡಿ." ಇಲ್ಲದಿದ್ದರೆ, "ವಯಸ್ಸಾಯ್ತಲ್ಲ, ಇನ್ನೇನು." ಮೊದಲನೆಯದು ಎಷ್ಟೋ ಸಲ ನಿಜ. ಎರಡನೆಯದು ಉತ್ತರವೇ ಅಲ್ಲ. ವಯಸ್ಸು ತಾನಾಗಿ ಯಾವ ನಾಯಿಗೂ ವಾಂತಿ ಮಾಡಿಸುವುದಿಲ್ಲ. ವಯಸ್ಸಿನ ಜೊತೆ ಬರುವ ಕಿಡ್ನಿ ತೊಂದರೆ ಮಾಡಿಸುತ್ತದೆ, ಲಿವರ್ ತೊಂದರೆ ಮಾಡಿಸುತ್ತದೆ, ಕೀಲುನೋವಿಗೆ ಅಂತ ಕೊಡುವ ಮಾತ್ರೆಯೂ ಮಾಡಿಸುತ್ತದೆ.

ನಮ್ಮ ಗುಂಡನಿಗೆ ಈಗ 12 ವರ್ಷ. ಮಧ್ಯಮ ಗಾತ್ರದ ನಾಯಿ, ಮೂತಿಯೆಲ್ಲ ಬೆಳ್ಳಗಾಗಿದೆ, ಕಿವಿ ಅರ್ಧಂಬರ್ಧ ಕೇಳಿಸುತ್ತದೆ. ತಿಂಡಿ ಡಬ್ಬದ ಮುಚ್ಚಳದ ಸದ್ದು ಮಾತ್ರ ಪೂರ್ತಿ ಕೇಳಿಸುತ್ತದೆ, ಅದು ಬೇರೆ ವಿಷಯ. ಅವನಿಗೆ ಈ ಬೆಳಗಿನ ವಾಂತಿ ಶುರುವಾದಾಗ ಮೊದಮೊದಲು ವಾರಕ್ಕೊಮ್ಮೆ ಇತ್ತು, ಆಮೇಲೆ ಜಾಸ್ತಿ ಆಯಿತು. ಕಕ್ಕಿದ ಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಬಾಲ ಅಲ್ಲಾಡಿಸಿಕೊಂಡು ಬಟ್ಟಲ ಮುಂದೆ ನಿಲ್ಲುತ್ತಿದ್ದ. ಆ ಸಮಯದಲ್ಲಿ ನಾನು ಓದಿದ್ದು, ಡಾಕ್ಟ್ರನ್ನು ಕೇಳಿ ತಿಳಿದುಕೊಂಡಿದ್ದು, ಮನೆಯಲ್ಲಿ ನಡೆಸಿದ್ದು ಎಲ್ಲ ಒಂದು ಕಡೆ ಇರಲಿ ಅಂತ ಬರೆಯುತ್ತಿದ್ದೇನೆ. ವಾಂತಿಯ ವಿಷಯ, ಹಾಗಾಗಿ ಊಟದ ಹೊತ್ತಿಗೆ ಓದಬೇಡಿ.

ಮೊದಲ ಮಾತು. ವಾಂತಿ ಕಂಡ ತಕ್ಷಣ ಕೈ ಬಟ್ಟೆ ಹುಡುಕುತ್ತದೆ. ಒಂದು ನಿಮಿಷ ತಡೆಯಿರಿ. ಲೈಟ್ ಹಾಕಿ, ಒಂದು ಫೋಟೋ ತೆಗೆಯಿರಿ, ಆಮೇಲೆ ಒರೆಸಿ. ಡಾಕ್ಟ್ರ ಹತ್ತಿರ ಹೋದಾಗ ನಾಯಿ ಅಲ್ಲಿ ವಾಂತಿ ಮಾಡಿ ತೋರಿಸುವುದಿಲ್ಲ. ಟೇಬಲ್ ಮೇಲೆ ನಿಂತಾಗ ಅದು ಯಾವತ್ತಿಗಿಂತ ಗಟ್ಟಿಮುಟ್ಟಾಗಿ ಕಾಣುತ್ತದೆ. ಐದು ಗಂಟೆಗೆ ನೆಲದ ಮೇಲೆ ಬಿದ್ದಿದ್ದನ್ನು ನೋಡಿದವರು ನೀವೊಬ್ಬರೇ. ಅದನ್ನು ಸರಿಯಾಗಿ ಹೇಳಿದರೆ ಡಾಕ್ಟ್ರ ಅರ್ಧ ಕೆಲಸ ಮುಗಿದ ಹಾಗೆ.

ಏನು ನೋಡಬೇಕು? ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಅದು ಹೇಗೆ ಹೊರಗೆ ಬಂತು ಅನ್ನುವುದು. ಇದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ನಿಜವಾದ ವಾಂತಿಗೆ ಮುನ್ಸೂಚನೆ ಇರುತ್ತದೆ. ನಾಯಿ ತುಟಿ ನೆಕ್ಕಿಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ, ಪದೇಪದೇ ನುಂಗುತ್ತದೆ, ಅತ್ತಿಂದಿತ್ತ ಓಡಾಡುತ್ತದೆ. ಆಮೇಲೆ ಹೊಟ್ಟೆ ಹಿಂಡಿ ಹಿಂಡಿ ಓಕರಿಸುತ್ತದೆ. ಇನ್ನೊಂದು ಬಗೆ ಇದೆ. ಅದರಲ್ಲಿ ಹೊಟ್ಟೆ ಹಿಂಡುವುದೇ ಇಲ್ಲ. ನಾಯಿ ತಲೆ ಬಗ್ಗಿಸುತ್ತದೆ, ತಿಂದದ್ದು ಸುಮ್ನೆ ಜಾರಿ ಬೀಳುತ್ತದೆ, ಜೀರ್ಣವಾಗದ ಊಟ, ಕೆಲವು ಸಲ ಉದ್ದುದ್ದ ಕೊಳವೆಯ ಆಕಾರದಲ್ಲಿ. ಅದು ಹೊಟ್ಟೆಯಿಂದ ಬಂದದ್ದಲ್ಲ, ಅನ್ನನಾಳದಿಂದ ಬಂದದ್ದು. ಅದರ ಕಾರಣಗಳೂ ಬೇರೆ, ಪರೀಕ್ಷೆಗಳೂ ಬೇರೆ. ವಯಸ್ಸಾದ ದೊಡ್ಡ ನಾಯಿಗಳಲ್ಲಿ, ಲ್ಯಾಬ್ರಡಾರ್‌ಗಳಲ್ಲಂತೂ, ಗಂಟಲಿನ ಧ್ವನಿಪೆಟ್ಟಿಗೆಯ ನರ ಸೋತು ಬೊಗಳುವ ದನಿ ಬದಲಾಗುತ್ತದೆ, ಉಸಿರಾಟಕ್ಕೆ ಗೊರಗೊರ ಸದ್ದು ಸೇರುತ್ತದೆ. ಅದರ ಜೊತೆಗೇ ಅನ್ನನಾಳವೂ ಸೋತಿರುವುದುಂಟು. ಅಂಥ ನಾಯಿ ಕಕ್ಕಿದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಹಾಗಾಗಿ ಸಾಧ್ಯವಾದರೆ ಒಂದು ವಿಡಿಯೋ ಮಾಡಿಕೊಳ್ಳಿ. ಪಾಪದ ನಾಯಿ ಒದ್ದಾಡುತ್ತಿರುವಾಗ ಫೋನ್ ಹಿಡಿದು ನಿಲ್ಲೋದು ಅಸಹ್ಯ ಅನ್ನಿಸುತ್ತದೆ, ಒಪ್ಪುತ್ತೇನೆ, ಆದರೆ ಡಾಕ್ಟ್ರಿಗೆ ಹತ್ತು ಮಾತಿಗಿಂತ ಆ ಇಪ್ಪತ್ತು ಸೆಕೆಂಡ್ ಜಾಸ್ತಿ ಹೇಳುತ್ತದೆ.

ಇನ್ನು ಬಣ್ಣ. ಹಳದಿ ಅಥವಾ ಹಸಿರು ಮಿಶ್ರಿತ ಹಳದಿ ಅಂದರೆ ಪಿತ್ತ. ಬಿಳಿ ನೊರೆ ಅಂದರೆ ಜೊಲ್ಲು, ಲೋಳೆ, ಹೊಟ್ಟೆಯ ರಸ. ಹಿಂದಿನ ರಾತ್ರಿಯ ಊಟ ಹಾಗೇ ಹೊರಗೆ ಬಂದಿದ್ದರೆ ಅದು ಗಮನ ಕೊಡಬೇಕಾದ ವಿಷಯ. ಹತ್ತು ಹನ್ನೆರಡು ಗಂಟೆ ಕಳೆದರೂ ಹೊಟ್ಟೆ ಆ ಊಟವನ್ನು ಮುಂದೆ ತಳ್ಳಿಲ್ಲ ಅಂತ ಅರ್ಥ, ಎಲ್ಲೋ ಅಡ್ಡಿ ಇರಬಹುದು ಅಥವಾ ಹೊಟ್ಟೆಯ ಚಲನೆಯೇ ನಿಧಾನವಾಗಿರಬಹುದು. ಕೆಂಪು ಗೆರೆ ಕಂಡರೆ ರಕ್ತ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದೆ ಹೋಗುವುದು ಕಂದು ಬಣ್ಣದ, ಕಾಫಿ ಗಸಿಯಂತೆ ಕಾಣುವ ವಾಂತಿ. ಅದೂ ರಕ್ತವೇ, ಹೊಟ್ಟೆಯ ಆಮ್ಲದಲ್ಲಿ ಸ್ವಲ್ಪ ಹೊತ್ತು ನಿಂತ ರಕ್ತ. ಮಲ ಕಪ್ಪಗೆ, ಅಂಟಂಟಾಗಿ ಬರುತ್ತಿದ್ದರೂ ಅದೇ ಸುದ್ದಿ. ಇವೆರಡರಲ್ಲಿ ಯಾವುದು ಕಂಡರೂ ಆ ದಿನವೇ ಡಾಕ್ಟ್ರ ಹತ್ತಿರ ಹೋಗಬೇಕು.

ಗುಂಡನದು ಹಳದಿ, ನೊರೆ, ಅಂಗೈ ಅಗಲ. ಊಟ ಇಲ್ಲ, ರಕ್ತ ಇಲ್ಲ. ಯಾವಾಗಲೂ ಬೆಳಕು ಹರಿಯುವ ಮೊದಲು.

ಯಾಕೆ ಬೆಳಗ್ಗೆಯೇ? ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಈ ಪ್ರಶ್ನೆ. ಪಿತ್ತ ತಯಾರಾಗುವುದು ಲಿವರ್‌ನಲ್ಲಿ, ಕೂಡಿಟ್ಟುಕೊಳ್ಳುವುದು ಪಿತ್ತಕೋಶದಲ್ಲಿ, ಇಳಿಯಬೇಕಾದದ್ದು ಸಣ್ಣ ಕರುಳಿನ ಮೊದಲ ಭಾಗಕ್ಕೆ. ಹೊಟ್ಟೆಯಲ್ಲಿ ಅದಕ್ಕೆ ಕೆಲಸ ಇಲ್ಲ. ಆದರೆ ಊಟವಿಲ್ಲದ ಹೊತ್ತಿನಲ್ಲೂ ಕರುಳಿಗೆ ಸ್ವಲ್ಪ ಸ್ವಲ್ಪ ಪಿತ್ತ ಇಳಿಯುತ್ತಲೇ ಇರುತ್ತದೆ. ಹೊಟ್ಟೆ ಮತ್ತು ಕರುಳು ಖಾಲಿ ಇದ್ದಾಗಲೂ ಸುಮ್ಮನೆ ಕೂರುವುದಿಲ್ಲ. ಒಂದೂವರೆ ಎರಡು ಗಂಟೆಗೊಮ್ಮೆ ಹೊಟ್ಟೆಯಿಂದ ಶುರುವಾಗಿ ಕರುಳಿನ ತುದಿವರೆಗೆ ಒಂದು ಬಲವಾದ ಅಲೆ ಸಾಗುತ್ತದೆ. ಹೋಟೆಲ್ ಮುಚ್ಚಿದ ಮೇಲೆ ಕಸ ಗುಡಿಸಿ ಹೊರಗೆ ಹಾಕುವ ಹಾಗೆ, ಉಳಿದಿದ್ದನ್ನೆಲ್ಲ ಅದು ಕೆಳಗೆ ತಳ್ಳುತ್ತದೆ. ಈ ಅಲೆಯನ್ನು 1969ರಲ್ಲಿ ಮೊದಲು ವಿವರಿಸಿದ್ದೇ ನಾಯಿಗಳ ಕರುಳಿನಲ್ಲಿ. ಮನುಷ್ಯರಲ್ಲೂ ಅದೇ ಇದೆ ಅಂತ ಆಮೇಲೆ ಗೊತ್ತಾಯಿತು. ಕೆಲವು ನಾಯಿಗಳಲ್ಲಿ ಈ ಗುಡಿಸುವ ಕೆಲಸ ಸರಿಯಾಗಿ ನಡೆಯುವುದಿಲ್ಲ, ಪಿತ್ತ ಹಿಂದಕ್ಕೆ ಹೊಟ್ಟೆಗೆ ಬಂದು ನಿಲ್ಲುತ್ತದೆ, ಖಾಲಿ ಹೊಟ್ಟೆಯ ಒಳಪದರವನ್ನು ಕೆಣಕುತ್ತದೆ ಅಂತ ಡಾಕ್ಟ್ರುಗಳು ಭಾವಿಸುತ್ತಾರೆ. ರಾತ್ರಿ ಏಳಕ್ಕೆ ಉಂಡ ನಾಯಿಗೆ ಬೆಳಗ್ಗೆ ಐದು ಅಂದರೆ ದಿನದಲ್ಲೇ ಅತಿ ಉದ್ದದ ಉಪವಾಸದ ಕೊನೆ. ಅದಕ್ಕೇ ಆ ಹೊತ್ತು.

ಇಲ್ಲಿ ಇನ್ನೊಬ್ಬರು ನೆನಪಾಗುತ್ತಾರೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಅಂದರೆ ಎಲ್ಲರಿಗೂ ಗಂಟೆ ಸದ್ದು ಕೇಳಿ ಜೊಲ್ಲು ಸುರಿಸುವ ನಾಯಿ ಗೊತ್ತು. ಆದರೆ ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಊಟ ಹೊಟ್ಟೆಗೆ ಬೀಳುವ ಮೊದಲೇ, ಊಟ ಬರುತ್ತದೆ ಅನ್ನುವ ನಿರೀಕ್ಷೆಗೇ ಹೊಟ್ಟೆಯಲ್ಲಿ ರಸ ಸುರಿಯುತ್ತದೆ ಅಂತ ಅವರು ತೋರಿಸಿದ್ದರು. ದಿನಾ ಆರಕ್ಕೆ ತಿಂಡಿ ತಿನ್ನುವ ನಾಯಿ ಭಾನುವಾರ ಎಂಟರವರೆಗೆ ಕಾಯಬೇಕಾದರೆ ಅದರ ಹೊಟ್ಟೆಗೆ ಭಾನುವಾರ ಅಂತ ಗೊತ್ತಿಲ್ಲ ಅಲ್ವಾ. ರಜೆಯ ದಿನ ಗುಂಡನ ವಾಂತಿ ಜಾಸ್ತಿ ಇದ್ದದ್ದು ಇದಕ್ಕೇ ಅಂತ ನನ್ನ ಅನುಮಾನ. ಅನುಮಾನ ಅಷ್ಟೇ, ಡಾಕ್ಟ್ರು ಹೇಳಿದ್ದಲ್ಲ.

ಇಷ್ಟು ಓದಿದ ಮೇಲೆ "ಸರಿ, ಪಿತ್ತವೇ, ರಾತ್ರಿ ಸ್ವಲ್ಪ ತಿನ್ನಿಸಿದರಾಯಿತು" ಅಂತ ನಿಲ್ಲಿಸುವ ಆಸೆ ಬರುತ್ತದೆ. ಎರಡು ವರ್ಷದ, ಕುಣಿದು ಕುಪ್ಪಳಿಸುವ ನಾಯಿ ಆಗಿದ್ದರೆ ನಾನೂ ಹಾಗೇ ಮಾಡಿ ಕೆಲವು ದಿನ ನೋಡುತ್ತಿದ್ದೆ. ವಯಸ್ಸಾದ ನಾಯಿಗೆ ಬೇಡ. ಖಾಲಿ ಹೊಟ್ಟೆಯ ಪಿತ್ತದ ವಾಂತಿಗೆ ಅಂತ ಒಂದು ಪರೀಕ್ಷೆ ಇಲ್ಲ. ಬೇರೆಲ್ಲ ಕಾರಣಗಳನ್ನು ನೋಡಿ, ಅಲ್ಲ ಅಂತ ಬದಿಗಿಟ್ಟ ಮೇಲೆ ಉಳಿಯುವ ಹೆಸರು ಅದು. ಮೊದಲೇ ಆ ಹೆಸರು ಇಟ್ಟುಕೊಂಡು ಕೂತರೆ ಉಳಿದದ್ದನ್ನು ಯಾರೂ ನೋಡುವುದಿಲ್ಲ.

ಉಳಿದದ್ದರಲ್ಲಿ ದೊಡ್ಡದು ಕಿಡ್ನಿ. ಕಿಡ್ನಿ ಸೋತಾಗ ರಕ್ತದಲ್ಲಿ ಕಸ ಉಳಿಯುತ್ತದೆ, ಅದು ನಾಯಿಗೆ ವಾಕರಿಕೆ ತರುತ್ತದೆ. ಹೊರಗಿನಿಂದ ನೋಡಿದರೆ ಅದೂ ಹಳದಿ ನೊರೆಯೇ, ಅದೂ ಬೆಳಗಿನ ಹೊತ್ತೇ ಇರಬಹುದು. ಕಿಡ್ನಿಯ ಮೋಸ ಏನೆಂದರೆ, ಅದು ಬಹಳ ಕಾಲ ಸುದ್ದಿ ಮಾಡದೆ ಸೋಲುತ್ತಾ ಹೋಗುತ್ತದೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದೆ ಅಂತ ಕಾಣುವ ಹೊತ್ತಿಗೆ ಕಿಡ್ನಿಯ ಕೆಲಸದ ಮುಕ್ಕಾಲು ಪಾಲು ಹೋಗಿರುತ್ತದೆ ಅಂತ ಹಳೆಯ ಲೆಕ್ಕ. ಅದರ ಮೇಲೆ, ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ. ಮುದಿ ನಾಯಿಯ ತೊಡೆ, ಬೆನ್ನು ಕರಗಿರುತ್ತದೆ, ಹಾಗಾಗಿ ಆ ಸಂಖ್ಯೆ ಇರಬೇಕಾದದ್ದಕ್ಕಿಂತ ಕಡಿಮೆ ಕಾಣಬಹುದು. ಅದಕ್ಕೇ ಡಾಕ್ಟ್ರು ಎಸ್‌ಡಿಎಂಎ ಅನ್ನುವ ಇನ್ನೊಂದು ಪರೀಕ್ಷೆ ಹೇಳುತ್ತಾರೆ, ಅದು ಸ್ನಾಯುವಿನ ಮೇಲೆ ಅಷ್ಟು ನಿಂತಿಲ್ಲ. ಮೂತ್ರ ಪರೀಕ್ಷೆಯನ್ನಂತೂ ಬಿಡಲೇಬಾರದು. ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಕಿಡ್ನಿಗೆ ಕ್ರಿಯಾಟಿನಿನ್ ಏರುವ ಮೊದಲೇ ಹೋಗುತ್ತದೆ. ಬೆಳಗಿನ ಮೊದಲ ಮೂತ್ರ ಹಿಡಿಯಲು ಹಿಡಿಕೆ ಇರುವ ಚಪ್ಪಟೆ ಸೌಟು ಒಳ್ಳೆಯದು. ಗುಂಡ ಮಾತ್ರ ಸೌಟು ಕಂಡ ತಕ್ಷಣ ಎತ್ತಿದ ಕಾಲು ಇಳಿಸಿ ನನ್ನನ್ನೇ ನೋಡುತ್ತಾ ನಿಲ್ಲುತ್ತಿದ್ದ.

ಮನೆಯಲ್ಲೇ ಮಾಡಬಹುದಾದ ಒಂದು ಅಳತೆ ಇದೆ. ನೀರು. ಬೆಳಗ್ಗೆ ಅಳೆದು ಬಟ್ಟಲಿಗೆ ಹಾಕಿ, ಮಾರನೇ ದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ಕೆಲವು ದಿನ ಹೀಗೆ ನೋಡಿ. ನಾಯಿ ದಿನಕ್ಕೆ ತನ್ನ ತೂಕದ ಪ್ರತಿ ಕಿಲೋಗೆ 100 ಮಿಲಿಲೀಟರ್‌ಗಿಂತ ಜಾಸ್ತಿ ಕುಡಿಯುತ್ತಿದ್ದರೆ ಅದು ಮಾಮೂಲಿ ಬಾಯಾರಿಕೆ ಅಲ್ಲ. 20 ಕಿಲೋದ ನಾಯಿಗೆ ಅದು 2 ಲೀಟರ್. ಅಷ್ಟು ಮುಟ್ಟದಿದ್ದರೂ, ಮೊದಲಿಗಿಂತ ಎದ್ದು ಕಾಣುವಷ್ಟು ಜಾಸ್ತಿ ಆಗಿದ್ದರೆ ಹೇಳಬೇಕು. ಜಾಸ್ತಿ ನೀರು, ಜಾಸ್ತಿ ಮೂತ್ರ ಅನ್ನುವ ಜೋಡಿ ಕಿಡ್ನಿಗೆ ಮಾತ್ರ ಸೇರಿದ್ದಲ್ಲ. ಸಕ್ಕರೆ ಕಾಯಿಲೆಯಲ್ಲೂ ಇದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗಲೂ ಇದೆ. ಮರಿ ಆಗದಂತೆ ಆಪರೇಷನ್ ಮಾಡಿಸದ ಹೆಣ್ಣು ನಾಯಿಗೆ ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬಿದರೂ ಇದೇ ಜೋಡಿ, ಜೊತೆಗೆ ವಾಂತಿ. ಕೊನೆಯದು ಕಾಯಬಾರದ ಕಾಯಿಲೆ.

ಎರಡನೇ ಅಳತೆ ತೂಕ. ದಿನಾ ನೋಡುವ ಕಣ್ಣಿಗೆ ನಾಯಿ ಇಳಿಯುವುದು ಕಾಣುವುದಿಲ್ಲ, ಕೂದಲು ಜಾಸ್ತಿ ಇದ್ದರಂತೂ ಸುತರಾಂ ಕಾಣುವುದಿಲ್ಲ. ನೀವು ತೂಕದ ಯಂತ್ರದ ಮೇಲೆ ಒಬ್ಬರೇ ನಿಂತು, ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು ಕಳೆದರೆ ಸಾಕು. 20 ಕಿಲೋ ನಾಯಿ 18ಕ್ಕೆ ಬಂತು ಅಂದರೆ ಬರೀ ಎರಡು ಕಿಲೋ ಅನ್ನಿಸುತ್ತದೆ. ಹತ್ತರಲ್ಲಿ ಒಂದು ಪಾಲು ದೇಹ ಹೋಯಿತು ಅಂದುಕೊಂಡರೆ ಅದರ ಭಾರ ಗೊತ್ತಾಗುತ್ತದೆ. ವಾಂತಿಯ ಜೊತೆ ತೂಕವೂ ಇಳಿಯುತ್ತಿದ್ದರೆ "ಬರೀ ಪಿತ್ತ" ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಕರುಳಿನ ದೀರ್ಘಕಾಲದ ಉರಿಯೂತ, ಹೊಟ್ಟೆಯ ಗಡ್ಡೆ, ಕರುಳಿನ ಲಿಂಫೋಮಾ ಅನ್ನುವ ಕ್ಯಾನ್ಸರ್, ಲಿವರ್ ತೊಂದರೆ, ಇವೆಲ್ಲ ಆ ದಾರಿಯಲ್ಲಿ ಬರುತ್ತವೆ.

ಮೂರನೆಯದು ಮಾತ್ರೆಗಳು. ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು. ವಯಸ್ಸಾದ ನಾಯಿಗಳಲ್ಲಿ ಎಷ್ಟೋ ಕೀಲುನೋವಿಗೆ ಕಾರ್‌ಪ್ರೊಫೆನ್, ಮೆಲಾಕ್ಸಿಕಾಂ ಥರದ ಔಷಧಿ ತೆಗೆದುಕೊಳ್ಳುತ್ತಿರುತ್ತವೆ. ಒಳ್ಳೆಯ ಔಷಧಿಗಳೇ, ಕುಂಟುವ ನಾಯಿಯನ್ನು ಮತ್ತೆ ನಡೆಸುತ್ತವೆ. ಆದರೆ ಹೊಟ್ಟೆಯಲ್ಲಿ ಹುಣ್ಣು ಮಾಡುವ ಗುಣ ಅವಕ್ಕಿದೆ, ಕಿಡ್ನಿ ಮೊದಲೇ ಸೋತಿದ್ದರೆ ಅದನ್ನೂ ಕೆಡಿಸಬಹುದು. ಅಂಥ ಮಾತ್ರೆ ತೆಗೆದುಕೊಳ್ಳುತ್ತಿರುವ ನಾಯಿ ವಾಂತಿ ಶುರು ಮಾಡಿದರೆ ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟ್ರಿಗೆ ಫೋನ್ ಮಾಡಿ. ಅದರ ಜೊತೆ ಸ್ಟೀರಾಯ್ಡ್ ಸೇರಿದರೆ ಅಪಾಯ ಇನ್ನೂ ಜಾಸ್ತಿ. ಚರ್ಮದ ತುರಿಕೆಗೆ ಅಂತ ಬೇರೆ ಡಾಕ್ಟ್ರು ಕೊಟ್ಟ ಮಾತ್ರೆಯಲ್ಲಿ ಸ್ಟೀರಾಯ್ಡ್ ಇರಬಹುದು, ಹಾಗಾಗಿ ಇರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ತೋರಿಸಿ. ಮನುಷ್ಯರ ಐಬುಪ್ರೊಫೆನ್, ನ್ಯಾಪ್ರಾಕ್ಸೆನ್‌ಗಳನ್ನು ನಾಯಿಗೆ ಕೊಡಲೇಬೇಡಿ. ಅರ್ಧ ಮಾತ್ರೆ ಏನಾಗಲ್ಲ ಅನ್ನುವವರು ಯಾವಾಗಲೂ ಸಿಗುತ್ತಾರೆ. ಆಗುತ್ತದೆ.

ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಬಾವು, ಅಡ್ರಿನಲ್ ಗ್ರಂಥಿಯ ಕೊರತೆ, ನುಂಗಿದ ಬಟ್ಟೆ ತುಂಡು ಹೀಗೆ ಪಟ್ಟಿ ಇನ್ನೂ ಇದೆ. ಎಲ್ಲವನ್ನೂ ಇಲ್ಲಿ ಬಿಡಿಸುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ, ಯಾಕೆಂದರೆ ಅದು ಮನೆಯವರನ್ನು ಸುಮ್ಮಸುಮ್ಮನೆ ಹೆದರಿಸುತ್ತದೆ. ಮುದಿ ನಾಯಿ ಬೆಳಗ್ಗೆ ಎದ್ದಾಗ ತಲೆ ಒಂದು ಕಡೆ ವಾಲಿದೆ, ಕಣ್ಣು ಗುಡ್ಡೆ ಪಟಪಟ ಓಡುತ್ತಿದೆ, ನಡೆದರೆ ಬೀಳುತ್ತದೆ, ವಾಂತಿ ಮಾಡುತ್ತದೆ. ಲಕ್ವಾ ಹೊಡೆಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಒಳಕಿವಿಯ ಸಮತೋಲನದ ತೊಂದರೆ, ಕೆಲವು ದಿನ, ಕೆಲವು ವಾರಗಳಲ್ಲಿ ಸುಧಾರಿಸುತ್ತದೆ. ಡಾಕ್ಟ್ರು ನೋಡಲೇಬೇಕು, ಆದರೆ ಕೈ ಚೆಲ್ಲಿ ಕೂರುವಂಥದ್ದಲ್ಲ.

ಕೂಡಲೇ ಓಡಬೇಕಾದ ಸಂದರ್ಭ ಬೇರೆ ಇದೆ. ನಾಯಿ ಮತ್ತೆ ಮತ್ತೆ ಓಕರಿಸುತ್ತದೆ, ಆದರೆ ಏನೂ ಬರುವುದಿಲ್ಲ, ಬಂದರೂ ಸ್ವಲ್ಪ ಜೊಲ್ಲು. ಹೊಟ್ಟೆ ಬಿಗಿದು ಉಬ್ಬಿದೆ. ಒಂದು ಕಡೆ ನಿಲ್ಲುವುದಿಲ್ಲ, ಮಲಗುವುದಿಲ್ಲ. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಇದು ಜಾಸ್ತಿ, ವಯಸ್ಸಾದಷ್ಟೂ ಜಾಸ್ತಿ. ಹೊಟ್ಟೆ ಗಾಳಿ ತುಂಬಿ ತಿರುಚಿಕೊಂಡಿರಬಹುದು, ಅದಕ್ಕೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ಗಂಟೆಗಳ ಲೆಕ್ಕ. ನೀರು ಕುಡಿದರೂ ನಿಲ್ಲದ ವಾಂತಿ, ಎದ್ದು ನಿಲ್ಲಲಾರದ ಸುಸ್ತು, ಬಿಳಿಚಿಕೊಂಡ ಒಸಡು, ರಕ್ತ, ಇವೂ ಅದೇ ಸಾಲಿನವು. ಒಸಡನ್ನು ನೋಡುವ ಅಭ್ಯಾಸವನ್ನು ನಾಯಿ ಆರೋಗ್ಯವಾಗಿರುವಾಗಲೇ ಮಾಡಿಕೊಳ್ಳಿ. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು, ಮುಟ್ಟಿದರೆ ಜಾರಬೇಕು, ಅಂಟಬಾರದು. ಕತ್ತಿನ ಚರ್ಮ ಎಳೆದು ನೋಡುವ ವಿಧಾನ ಮುದಿ ನಾಯಿಯಲ್ಲಿ ಅಷ್ಟು ನಂಬಿಕೆಗೆ ಬರುವುದಿಲ್ಲ, ಅದರ ಚರ್ಮ ಮೊದಲೇ ಸಡಿಲ.

ಗುಂಡನಿಗೆ ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಮೂರು ವಾರಕ್ಕಿಂತ ಜಾಸ್ತಿ ನಡೆದ ವಾಂತಿಯನ್ನು ದೀರ್ಘಕಾಲದ್ದು ಅಂತಲೇ ಎಣಿಸುತ್ತಾರೆ, ಗುಂಡನದು ಆ ಗಡಿ ದಾಟಿತ್ತು. ಕಿಡ್ನಿ ಆ ವಯಸ್ಸಿಗೆ ಚೆನ್ನಾಗಿದೆ ಅಂದರು. ಲಿವರ್‌ನ ಒಂದು ಸಂಖ್ಯೆ ಸ್ವಲ್ಪ ಮೇಲಿತ್ತು, ಆರು ತಿಂಗಳಿಗೆ ಮತ್ತೆ ನೋಡೋಣ ಅಂದರು. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಾಣಲಿಲ್ಲ. ಎಂಡೋಸ್ಕೋಪಿ ಮಾಡಿ ಹೊಟ್ಟೆಯ ಒಳಗಿನ ತುಣುಕು ತೆಗೆದರೆ ಇನ್ನೂ ಖಚಿತವಾಗುತ್ತದೆ, ಆದರೆ ಅದಕ್ಕೆ ಅರಿವಳಿಕೆ ಬೇಕು. ತೂಕ ಇಳಿದಿಲ್ಲ, ಹಸಿವು ಚೆನ್ನಾಗಿದೆ, ಮೊದಲು ಊಟದ ಹೊತ್ತು ಬದಲಾಯಿಸಿ ನೋಡೋಣ, ಸರಿಹೋಗದಿದ್ದರೆ ಮುಂದಿನದು ಯೋಚಿಸೋಣ ಅನ್ನುವುದು ಡಾಕ್ಟ್ರ ಮಾತು. ನನಗೂ ಅದೇ ಸರಿ ಅನ್ನಿಸಿತು. ಎಲ್ಲ ಪರೀಕ್ಷೆಗಳೂ ಇವೆ ಅಂತ ಎಲ್ಲವನ್ನೂ 12 ವರ್ಷದ ನಾಯಿಯ ಮೇಲೆ ಮಾಡಿಸಲೇಬೇಕು ಅಂತ ಇಲ್ಲ. ಫಲಿತಾಂಶ ಬಂದರೆ ನಾವು ಏನು ಬೇರೆ ಮಾಡುತ್ತೇವೆ ಅಂತ ಮೊದಲು ಕೇಳಿಕೊಳ್ಳಬೇಕು. ಏನೂ ಬೇರೆ ಮಾಡುವುದಿಲ್ಲ ಅನ್ನುವ ಉತ್ತರ ಬಂದರೆ ಆ ಪರೀಕ್ಷೆ ನಾಯಿಗಲ್ಲ, ನಮ್ಮ ಸಮಾಧಾನಕ್ಕೆ.

ಊಟದ ಬದಲಾವಣೆ ಕೇಳಲು ಸುಲಭ. ದಿನದ ಒಟ್ಟು ಊಟ ಅಷ್ಟೇ ಇರಲಿ, ಅದನ್ನು ಎರಡರ ಬದಲು ಮೂರು ನಾಲ್ಕು ಭಾಗ ಮಾಡಿ, ಕೊನೆಯ ಸಣ್ಣ ಭಾಗವನ್ನು ನೀವು ಮಲಗುವ ಮೊದಲು ಕೊಡಿ. ಬೆಳಗ್ಗೆ ಎದ್ದ ಕೂಡಲೇ ಒಂದು ಹಿಡಿ. ಇಷ್ಟೇ. ಆದರೆ ಇದರಲ್ಲೂ ಎಡವುವ ಜಾಗಗಳಿವೆ. ರಾತ್ರಿಯದ್ದನ್ನು ಹೆಚ್ಚುವರಿಯಾಗಿ ಕೊಟ್ಟರೆ ನಾಯಿ ದಪ್ಪ ಆಗುತ್ತದೆ, ಕೀಲುನೋವಿನ ನಾಯಿಗೆ ಅದು ಇನ್ನೊಂದು ಶಿಕ್ಷೆ. ರಾತ್ರಿಗೆ ಅಂತ ವಿಶೇಷವಾಗಿ ಎಣ್ಣೆ, ಕೊಬ್ಬು ಇರುವುದನ್ನು ಕೊಡಬೇಡಿ. ಕೊಬ್ಬು ಹೊಟ್ಟೆಯಿಂದ ನಿಧಾನವಾಗಿ ಖಾಲಿಯಾಗುತ್ತದೆ, ಹೊಟ್ಟೆ ತುಂಬಿರಲಿ ಅಂತ ಅದೇ ಒಳ್ಳೆಯದು ಅನ್ನಿಸಬಹುದು, ಆದರೆ ಚಲನೆ ಮೊದಲೇ ನಿಧಾನ ಇರುವ ಹೊಟ್ಟೆಗೆ ಅದು ತೊಂದರೆ, ಪ್ಯಾಂಕ್ರಿಯಾಸ್‌ಗೂ ತೊಂದರೆ. ಮಾಮೂಲಿಯಾಗಿ ತಿನ್ನುವ ಊಟದಲ್ಲೇ ಒಂದು ಪಾಲು ತೆಗೆದಿಡುವುದು ಎಲ್ಲಕ್ಕಿಂತ ಸರಳ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ನಾಯಿಯಾದರೆ ಊಟದ ಹೊತ್ತನ್ನು ಡಾಕ್ಟ್ರನ್ನು ಕೇಳದೆ ಬದಲಾಯಿಸಲೇಬೇಡಿ.

ವಾಂತಿ ಆದರೆ ಒಂದು ದಿನ ಉಪವಾಸ ಹಾಕಿ ಅನ್ನುವ ಸಲಹೆ ಇನ್ನೂ ಓಡಾಡುತ್ತಿದೆ. ಉಪವಾಸದಿಂದಲೇ ಬರುವ ವಾಂತಿಗೆ ಇನ್ನಷ್ಟು ಉಪವಾಸ! ಮುದಿ ನಾಯಿಯ ದೇಹದಲ್ಲಿ ಉಪವಾಸ ತಡೆಯುವಷ್ಟು ದಾಸ್ತಾನು ಕಡಿಮೆ, ಸ್ನಾಯು ಬೇಗ ಕರಗುತ್ತದೆ. ಪ್ಯಾಂಕ್ರಿಯಾಸ್ ಬಾವಿನಲ್ಲೂ ಈಗ ಬೇಗ ಊಟ ಶುರು ಮಾಡಿಸುವ ಕಡೆಗೇ ಡಾಕ್ಟ್ರುಗಳು ಬಂದಿದ್ದಾರೆ. ಕಕ್ಕಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಸ್ವಲ್ಪ ನೀರು, ಅದು ಹೊಟ್ಟೆಯಲ್ಲಿ ನಿಂತರೆ ಸ್ವಲ್ಪ ಊಟ. ಬಟ್ಟಲು ತುಂಬ ನೀರು ಒಟ್ಟಿಗೆ ಇಟ್ಟರೆ ಗಟಗಟ ಕುಡಿದು ಅದನ್ನೂ ಕಕ್ಕುತ್ತದೆ.

ಹುಲ್ಲಿನ ವಿಷಯ ಎಲ್ಲರೂ ಕೇಳುತ್ತಾರೆ. ನಾಯಿ ಹೊಟ್ಟೆ ಸರಿ ಇಲ್ಲ ಅಂತಲೇ ಹುಲ್ಲು ತಿಂದು ವಾಂತಿ ಮಾಡಿಕೊಳ್ಳುತ್ತದೆ ಅನ್ನುವುದು ಹಳೆಯ ನಂಬಿಕೆ. ಆರೋಗ್ಯವಾಗಿರುವ ನಾಯಿಗಳೂ ಹುಲ್ಲು ತಿನ್ನುತ್ತವೆ, ಹೆಚ್ಚಿನವು ಕಕ್ಕುವುದಿಲ್ಲ. ಔಷಧಿ ಹೊಡೆದ ಹುಲ್ಲು ಅಲ್ಲದಿದ್ದರೆ ಅದರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹುಚ್ಚು ಹಿಡಿದಂತೆ ಹುಲ್ಲು, ನೆಲ, ಚಾಪೆ ನೆಕ್ಕಲು ಶುರು ಮಾಡಿದರೆ ಅದು ವಾಕರಿಕೆಯ ಲಕ್ಷಣ ಅಂತ ಗುಂಡನನ್ನು ನೋಡಿ ಕಲಿತೆ. ಅದು ಕಂಡರೆ ತಕ್ಷಣ ಒಂದು ಹಿಡಿ ಊಟ ಕೊಡುತ್ತೇನೆ, ಎಷ್ಟೋ ಸಲ ವಾಂತಿ ಅಲ್ಲಿಗೇ ತಪ್ಪುತ್ತದೆ.

ಊಟ ಬದಲಾಯಿಸಿದರೂ ನಿಲ್ಲದಿದ್ದರೆ ಔಷಧಿ. ಹೊಟ್ಟೆಯನ್ನು ಮುಂದಕ್ಕೆ ತಳ್ಳುವ ಮೆಟೊಕ್ಲೊಪ್ರಮೈಡ್ ಥರದವು ಒಂದು ಗುಂಪು. ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್, ಫ್ಯಾಮೊಟಿಡಿನ್ ಇನ್ನೊಂದು. ವಾಂತಿಯನ್ನೇ ತಡೆಯುವ ಮಾರೊಪಿಟಾಂಟ್ ಮತ್ತೊಂದು. ಆಮ್ಲದ ಮಾತ್ರೆಗಳು ಎಲ್ಲರ ಮನೆಯಲ್ಲೂ ಇರುತ್ತವೆ, ಅದಕ್ಕೇ ಜನ ತಾವೇ ಕೊಟ್ಟುಬಿಡುತ್ತಾರೆ. ಅದರಲ್ಲೂ ಗೊತ್ತಿರಬೇಕಾದ್ದು ಇದೆ. ಒಮೆಪ್ರಜೋಲ್ ಊಟಕ್ಕೆ ಮೊದಲು ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ, ನಾಯಿಗಳಲ್ಲಿ ದಿನಕ್ಕೆ ಎರಡು ಸಲ ಬೇಕಾಗುತ್ತದೆ, ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ಕೊಟ್ಟಿದ್ದರೆ ಒಮ್ಮೆಲೇ ನಿಲ್ಲಿಸಬಾರದು. ಫ್ಯಾಮೊಟಿಡಿನ್ ದಿನಾ ಕೊಡುತ್ತಾ ಹೋದರೆ ಅದರ ಪರಿಣಾಮ ಕುಗ್ಗುತ್ತದೆ. ಕರುಳಿನಲ್ಲಿ ಏನಾದರೂ ಅಡ್ಡ ಸಿಕ್ಕಿರುವ ನಾಯಿಗೆ ಮೆಟೊಕ್ಲೊಪ್ರಮೈಡ್ ಕೊಟ್ಟರೆ ಅಪಾಯ. ವಾಂತಿ ನಿಲ್ಲಿಸುವ ಮಾತ್ರೆ ವಾಂತಿಯನ್ನು ನಿಲ್ಲಿಸುತ್ತದೆ, ಕಾರಣವನ್ನಲ್ಲ. ಇಷ್ಟೆಲ್ಲ ಇರುವುದರಿಂದ ಡೋಸ್ ಎಷ್ಟು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ನಿಮ್ಮ ನಾಯಿಯ ರಿಪೋರ್ಟ್ ನೋಡಿದವರೇ ಹೇಳಬೇಕು.

ಗುಂಡನಿಗೆ ರಾತ್ರಿಯ ಊಟವೇ ಬಹುಪಾಲು ಕೆಲಸ ಮಾಡಿತು. ಪೂರ್ತಿ ನಿಂತಿತು ಅಂತ ಹೇಳಲಾರೆ. ತಿಂಗಳಿಗೊಮ್ಮೆ ಇನ್ನೂ ಆಗುತ್ತದೆ. ಅದಕ್ಕಾಗಿ ಗೋಡೆಯ ಕ್ಯಾಲೆಂಡರ್‌ನಲ್ಲೇ ಗುರುತು ಹಾಕುತ್ತೇವೆ, ಹಳದಿ ಆದರೆ ಒಂದು ಚುಕ್ಕಿ, ಊಟ ಬಂದರೆ ಒಂದು ಅಡ್ಡಗೆರೆ. ತಿಂಗಳ ಕೊನೆಗೆ ತೂಕ. ಫೋನ್‌ನಲ್ಲಿ ಇಂಥದ್ದಕ್ಕೆ ನೂರು ಆ್ಯಪ್ ಇವೆ, ಆದರೆ ಮನೆಯ ಎಲ್ಲರೂ ಬರೆಯುವುದು ಗೋಡೆಯ ಮೇಲಿದ್ದರೆ ಮಾತ್ರ. ಚುಕ್ಕಿಗಳು ಹತ್ತಿರ ಹತ್ತಿರ ಬಂದರೆ ಆರು ತಿಂಗಳು ಕಾಯದೆ ಡಾಕ್ಟ್ರ ಹತ್ತಿರ ಹೋಗುವುದು ಅಂತ ಮಾತಾಗಿದೆ.

ಇದರ ಒಂದು ಅಡ್ಡ ಪರಿಣಾಮವನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಒಂದು ಹಿಡಿ ಸಿಗುತ್ತದೆ ಅಂತ ಗೊತ್ತಾದ ನಾಯಿ, ಆ ಬೆಳಗ್ಗೆಯನ್ನು ತಾನೇ ನಿರ್ಧರಿಸಲು ಶುರು ಮಾಡುತ್ತದೆ. ಆರು ಐದೂವರೆ ಆಗುತ್ತದೆ, ಐದೂವರೆ ಐದು ಆಗುತ್ತದೆ. ಬರೀ ಹಸಿವೋ, ನಿಜವಾದ ವಾಕರಿಕೆಯೋ ಅಂತ ಕತ್ತಲಲ್ಲಿ ತೀರ್ಮಾನ ಮಾಡಬೇಕು. ಕೆಲವರು ಹೊತ್ತಿಗೆ ಸರಿಯಾಗಿ ತೆರೆಯುವ ಊಟದ ಡಬ್ಬ ಇಡುತ್ತಾರೆ, ಆಗ ನಾಯಿ ಮನುಷ್ಯರನ್ನು ಬಿಟ್ಟು ಡಬ್ಬವನ್ನು ಕಾಯುತ್ತದೆ. ನಾವೂ ಅದನ್ನು ಇಟ್ಟೆವು. ಗುಂಡ ಈಗ ಡಬ್ಬದ ಮುಂದೆ ಮಲಗುತ್ತಾನೆ, ತೆರೆಯುವುದು ತಡವಾದರೆ ನನ್ನನ್ನು ಎಬ್ಬಿಸಿ ಡಬ್ಬದ ಮೇಲೆ ದೂರು ಹೇಳುತ್ತಾನೆ.